ಆಡಿದ ಮಾತು, ಅಡಗಿಸಿದ ಮನಸ್ಸು: ಜನ್ನನ ‘ಯಶೋಧರ ಚರಿತೆ’ಯ ಸಂಭಾಷಣೆಗಳು

ಮನುಷ್ಯನ ಗುಣವನ್ನು ಅವನ ನಡತೆಯಿಂದ ಅರಿಯಬೇಕೆಂಬುದು ಲೋಕರೂಢಿ. ಕಾವ್ಯದಲ್ಲಾದರೋ ನಡತೆಗಿಂತ ಮೊದಲು ಮಾತೇ ಪಾತ್ರದ ಒಳಗನ್ನು ತೆರೆದಿಡುತ್ತದೆ. ‘ಇವನು ಒಳ್ಳೆಯವನು, ಇವಳು ಕೆಟ್ಟವಳು’ ಎಂದು ಕವಿಯೇ ಹೇಳಿದರೆ ಅದು ತೀರ್ಪು. ಪಾತ್ರಗಳು ತಾವೇ ಮಾತಿಗಿಳಿದಾಗ, ಆಡಿದ ಮಾತಿಗೂ ಆಡದೆ ಉಳಿಸಿಕೊಂಡ ಭಾವಕ್ಕೂ ನಡುವಣ ಅಂತರವನ್ನು ಓದುಗನೇ ಅಳೆಯಬೇಕಾಗುತ್ತದೆ. ವ್ಯಂಗ್ಯವು ನೆಲೆಸುವುದು ಈ ಅಂತರದಲ್ಲಿಯೇ.

ನೆಲಮಂಗಲ ತಾಲ್ಲೂಕಿನ ಮಣ್ಣೆ ಒಂದು ಕಾಲದಲ್ಲಿ ಮಾನ್ಯಪುರವೆಂಬ ಹೆಸರಿನಿಂದ ಗಂಗರ ರಾಜಧಾನಿಯಾಗಿತ್ತು. ಕ್ರಿ.ಶ. 797ರ ಮಣ್ಣೆಯ ತಾಮ್ರಶಾಸನವು ಸೇನಾಪತಿ ಶ್ರೀವಿಜಯನು ಅಲ್ಲಿ ಕಟ್ಟಿಸಿದ ಜಿನಾಲಯವನ್ನು ಸ್ಮರಿಸುತ್ತದೆ. ಶಾಸನದ ಭಾಷೆ ದಾನಿಯ ಕೀರ್ತಿಯನ್ನು ಹೇಳಬಲ್ಲುದು. ದಾನ ಮಾಡುವಾಗ ಅವನ ಮನಸ್ಸು ಹೇಗಿತ್ತೆಂಬುದನ್ನು ಹೇಳಲಾರದು. ಶಾಸನವು ಬಿಟ್ಟ ಈ ಕೆಲಸವನ್ನು ಕಾವ್ಯವು ಕೈಗೆತ್ತಿಕೊಳ್ಳುತ್ತದೆ. ಕನ್ನಡದಲ್ಲಿ ಅದಕ್ಕೆ ಉತ್ತಮ ನಿದರ್ಶನವೆಂದರೆ ಹೊಯ್ಸಳ ವೀರಬಲ್ಲಾಳನ ಆಸ್ಥಾನದ ಕವಿಚಕ್ರವರ್ತಿ ಜನ್ನನು 1209ರಲ್ಲಿ ರಚಿಸಿದ ‘ಯಶೋಧರ ಚರಿತೆ’. ವಾದಿರಾಜನ ಸಂಸ್ಕೃತ ಕೃತಿಯನ್ನು ಅನುಸರಿಸಿ, ಬಹುಮಟ್ಟಿಗೆ ಕಂದಪದ್ಯಗಳಲ್ಲಿಯೇ, ನಾಲ್ಕು ಅವತಾರಗಳಲ್ಲಿ ಹೇಳಿದ ಪುಟ್ಟ ಕಾವ್ಯವಿದು.

ನಮ್ಮ ಮನೆಗಳಲ್ಲಿ ಈ ಕಥೆಯನ್ನು ಅರಿಯದವರು ವಿರಳ. ಅದರ ಸಾರವನ್ನು ನಾವು ಸಾಮಾನ್ಯವಾಗಿ ಎರಡು ವಾಕ್ಯಗಳಲ್ಲಿ ಮುಗಿಸುತ್ತೇವೆ: ಅಮೃತಮತಿ ದುಶ್ಶೀಲೆ, ಹಿಟ್ಟಿನ ಕೋಳಿಯನ್ನು ಬಲಿಗೊಟ್ಟರೂ ಸಂಕಲ್ಪಹಿಂಸೆಯ ಪಾಪ ತಪ್ಪದು. ಇವೆರಡೂ ಸುಳ್ಳಲ್ಲ. ಆದರೆ ಇಷ್ಟಕ್ಕೇ ನಿಂತರೆ ಜನ್ನನ ಕಾವ್ಯವನ್ನು ಓದಿದಂತಾಗದು. ಪಾತ್ರಗಳ ಮಾತುಗಳಿಗೆ ಕಿವಿಗೊಟ್ಟರೆ ಬೇರೊಂದು ಸಂಗತಿ ತಿಳಿದುಬರುತ್ತದೆ: ಯಶೋಧರನ ಪತನವು ಹಿಟ್ಟಿನ ಕೋಳಿಯಿಂದ ಆರಂಭವಾಗುವುದಿಲ್ಲ; ಅದಕ್ಕೆ ಮೊದಲೇ, ಅವನ ಮಾತಿನಲ್ಲಿ ಆರಂಭವಾಗುತ್ತದೆ.

ಮೊದಲು ಅಮೃತಮತಿಯ ಮಾತನ್ನು ನೋಡೋಣ. ರಾತ್ರಿ ಕೇಳಿಬಂದ ಮಾವಟಿಗನ ಗಾನಕ್ಕೆ ಅವಳ ಮನಸ್ಸು ಸೋಲುತ್ತದೆ. ಅವನನ್ನು ನೋಡಿಬಂದ ದೂತಿಯು ಆ ವಿಕಾರರೂಪವನ್ನು ಅಂಗಾಂಗವಾಗಿ ಬಣ್ಣಿಸಿ, ಹೇಸಿಗೆಯನ್ನು ಹಾಸ್ಯದಲ್ಲಿ ಬೆರೆಸಿ ಒಡತಿಯನ್ನು ಎಚ್ಚರಿಸುತ್ತಾಳೆ. ಅಮೃತಮತಿ ಹೆದರುವುದಿಲ್ಲ, ನಾಚುವುದೂ ಇಲ್ಲ. ಒಲವು ಹುಟ್ಟಿದ ಮೇಲೆ ರೂಪದ ಲೆಕ್ಕವೆಲ್ಲಿಯದು ಎಂಬ ಅರ್ಥದ ಉತ್ತರವನ್ನು ಕೊಡುತ್ತಾಳೆ. ಕವಿ ಅವಳನ್ನು ಖಂಡಿಸುತ್ತಾನೆ, ನಿಜ. ಆದರೂ ಅವಳ ವಾದವನ್ನು ಅವಳ ಬಾಯಿಂದಲೇ ಹೇಳಿಸುತ್ತಾನೆ. ಕೆಡುಕೂ ತನ್ನನ್ನು ತಾನು ಸಮರ್ಥಿಸಿಕೊಳ್ಳುವಾಗ ಎಷ್ಟು ಮನೋಹರವಾಗಿ ಮಾತನಾಡಬಲ್ಲುದೆಂಬುದನ್ನು ಓದುಗನು ಇಲ್ಲಿ ಅನುಭವಿಸಿಯೇ ಅರಿಯುತ್ತಾನೆ. ಅವಳನ್ನು ಮೂಕಳನ್ನಾಗಿ ಮಾಡಿದ್ದರೆ ಈ ಅರಿವು ಲಭಿಸುತ್ತಿರಲಿಲ್ಲ.

ಇನ್ನು ಯಶೋಧರ. ರಾತ್ರಿ ಮಡದಿಯನ್ನು ಹಿಂಬಾಲಿಸಿದ ಅವನು, ತಡವಾಗಿ ಬಂದಳೆಂದು ಮಾವಟಿಗನು ಅವಳನ್ನು ಬಡಿಯುವುದನ್ನೂ ಅವಳು ಅವನ ಕಾಲು ಹಿಡಿದು ಬೇಡುವುದನ್ನೂ ಮರೆಯಲ್ಲಿ ನಿಂತು ಕಾಣುತ್ತಾನೆ. ಕತ್ತಿಗೆ ಹೋದ ಕೈಯನ್ನು ತಡೆದುಕೊಳ್ಳುತ್ತಾನೆ. ಇದು ಸಂಯಮವೆಂದು ನಮಗೆ ತೋರುತ್ತದೆ. ಆದರೆ ಮರುದಿನ ಅವನು ಸರಸವೆಂಬಂತೆ ಅವಳನ್ನು ನೈದಿಲೆಯ ಹೂವಿನಿಂದ ಹೊಡೆಯುತ್ತಾನೆ. ಅವಳು ಮೂರ್ಛೆಹೋದವಳಂತೆ ಬೀಳುತ್ತಾಳೆ. ಹಿಂದಿನ ರಾತ್ರಿ ಪೆಟ್ಟು ತಿಂದು ತಾಳಿಕೊಂಡವಳು ಇಂದು ಹೂವಿಗೆ ಮೂರ್ಛೆಹೋಗುತ್ತಾಳೆ! ಬದುಕಿಕೊಂಡದ್ದು ಪುಣ್ಯವೆಂಬಂತೆ ಅರಸನು ಒಳಗುಟ್ಟಿನ ಮಾತಾಡುತ್ತಾನೆ. ಹೊರಗೆ ಉಪಚಾರ, ಒಳಗೆ ಇರಿತ. ಅವಳಿಗೆ ಅದು ತಿಳಿಯುತ್ತದೆ. ತನ್ನ ಗುಟ್ಟು ಬಯಲಾಯಿತೆಂದು ಅರಿತ ಅವಳ ಮನಸ್ಸು ವಿಷದ ದಾರಿ ಹಿಡಿಯುವುದಕ್ಕೆ ಈ ಮಾತೂ ಕಾರಣ. ತಡೆದ ಕತ್ತಿ ನಾಲಗೆಯಲ್ಲಿ ಹೊರಬಂದಿತು. ಕೈ ಅಹಿಂಸೆಯನ್ನು ಪಾಲಿಸಿದರೂ ಮಾತು ಪಾಲಿಸಲಿಲ್ಲ.

ಎರಡನೆಯ ಸಂಭಾಷಣೆ ತಾಯಿ ಚಂದ್ರಮತಿಯೊಡನೆ. ಮಗನ ಬಾಡಿದ ಮುಖವನ್ನು ಕಂಡು ಅವಳು ಕಾರಣ ಕೇಳುತ್ತಾಳೆ. ಮಗನು ನಿಜವನ್ನು ಹೇಳಲಾರ. ಹೊಂದಾವರೆಯ ಕೊಳದ ಹೆಣ್ಣಂಚೆ ಬೇರೊಂದು ಕೊಳದಲ್ಲಿ ನಲಿಯುವುದನ್ನು ಕನಸಿನಲ್ಲಿ ಕಂಡೆನೆಂದು ಮರೆಮಾತಿನಲ್ಲಿ ಹೇಳುತ್ತಾನೆ. ಅವನಿಗೆ ಅದು ರೂಪಕ, ತಾಯಿಗೆ ಅದು ಅಪಶಕುನ. ಒಂದೇ ಮಾತು, ಎರಡು ಅರ್ಥ. ಅವೆರಡರ ನಡುವೆ ದುರಂತಕ್ಕೆ ಬಾಗಿಲು ತೆರೆಯುತ್ತದೆ. ದುಃಸ್ವಪ್ನಶಾಂತಿಗೆ ಪಶುಬಲಿಯಾಗಲಿ ಎನ್ನುತ್ತಾಳೆ ತಾಯಿ. ಮಗ ಅಹಿಂಸೆಯ ಪಕ್ಷವನ್ನು ಹಿಡಿದು ವಾದಿಸುತ್ತಾನೆ. ಕೊನೆಗೆ ತಾಯಿಯ ಮೇಲಣ ಗೌರವಕ್ಕಾಗಿ ಹಿಟ್ಟಿನ ಕೋಳಿಗೆ ಒಪ್ಪುತ್ತಾನೆ. ಕಡಿದಾಗ ಅದು ಕೂಗಿಕೊಳ್ಳುತ್ತದೆ. ಯಶೋಧರನ ವಾದದಲ್ಲಿ ದೋಷವಿಲ್ಲ. ಅವನ ಅಹಿಂಸಾನಿಷ್ಠೆಯೂ ಕಪಟವಲ್ಲ. ಆದರೆ ಸುಳ್ಳು ಕನಸಿನ ಅಡಿಪಾಯದ ಮೇಲೆ ನಿಂತು ಸತ್ಯವನ್ನು ವಾದಿಸಹೊರಟವನು ಸೋಲದೆ ಇರುವನೆ? ತಾಯಿಯ ವಾತ್ಸಲ್ಯವೇ ಮಗನ ಭವಾವಳಿಗೆ ಕಾರಣವಾಯಿತೆಂಬುದು ಘಟನೆಯ ವಿಪರ್ಯಾಸ. ಆ ವಿಪರ್ಯಾಸಕ್ಕೆ ಬೀಜ ಬಿತ್ತಿದ್ದು ಮಗನ ಮರೆಮಾತು.

ಮುಂದಿನ ಜನ್ಮಗಳಲ್ಲಿ ವಿಪರ್ಯಾಸವು ಭೀಕರವಾಗುತ್ತದೆ. ಮೀನಾಗಿ ಹುಟ್ಟಿದ ಯಶೋಧರನು ತನ್ನ ಮಗ ಯಶೋಮತಿ ಮಾಡಿಸುವ ಪಿತೃಶ್ರಾದ್ಧಕ್ಕೇ ಅಡುಗೆಯಾಗುತ್ತಾನೆ. ತಂದೆಗೆ ಸದ್ಗತಿಯನ್ನು ಕೋರುವ ಮಾತು ಬಾಯಲ್ಲಿ, ತಂದೆಯ ದೇಹ ಎಲೆಯ ಮೇಲೆ! ಮಾತಿಗೂ ಕೃತಿಗೂ ಇದಕ್ಕಿಂತ ದೊಡ್ಡ ಬಿರುಕನ್ನು ಕಲ್ಪಿಸುವುದು ಕಷ್ಟ.

ಈ ಎಲ್ಲವನ್ನೂ ಹೇಳುತ್ತಿರುವವನು ಯಾರು? ಮಾರಿದತ್ತನ ಬಲಿಗಂಬದ ಮುಂದೆ ನಿಂತ ಬಾಲತಪಸ್ವಿ ಅಭಯರುಚಿ. ಅವನೇ ಹಿಂದಿನ ಯಶೋಧರ. ಕಾವ್ಯದ ಕೇಂದ್ರವಿರುವುದು ಇಲ್ಲಿಯೇ ಎಂದು ನನಗೆ ತೋರುತ್ತದೆ. ಕೊಲ್ಲಲು ಸಿದ್ಧನಾದ ಅರಸನನ್ನು ಹರಸಬೇಕೆಂದಾಗ, ನಿರ್ಮಲವಾದ ಧರ್ಮದಿಂದ ನೆಲವನ್ನು ಕಾಪಾಡು ಎಂಬರ್ಥದಲ್ಲಿ ಅವನು ಹರಸುತ್ತಾನೆ. ಕೇಳುವವರಿಗೆ ಅದು ಚುಚ್ಚುನುಡಿಯಂತೆ ತೋರೀತು. ಸನ್ನಿವೇಶದಲ್ಲಿ ವ್ಯಂಗ್ಯವಿದೆ, ಆಡಿದವನ ಮನಸ್ಸಿನಲ್ಲಿ ಲವಲೇಶವೂ ಇಲ್ಲ. ಅವನು ನುಡಿದದ್ದನ್ನೇ ಬಯಸುತ್ತಾನೆ. ಹೂವಿನ ಪೆಟ್ಟಿನ ಹಿಂದೆ ಹಗೆಯನ್ನು ಅಡಗಿಸಿದ ಜೀವವೇ ಈಗ ಕತ್ತಿಯ ಎದುರು ಶುಭವನ್ನು ಕೋರುತ್ತಿದೆ. ಒಂದೇ ಜೀವ, ಎರಡು ಬಗೆಯ ಮಾತು. ಹಲವು ಭವಗಳ ನೋವಿನಿಂದ ಆ ಜೀವವು ಕಲಿತದ್ದು ಆರ್ಜವ, ಎಂದರೆ ಮನ ವಚನ ಕಾಯಗಳ ನೇರತನ. ಮಾರಿದತ್ತನ ಕೈಯಿಂದ ಕತ್ತಿ ಜಾರುವಂತೆ ಮಾಡಿದ್ದು ಆ ನೇರತನವೇ ಹೊರತು ತರ್ಕವಲ್ಲ. ತರ್ಕವು ಯಶೋಧರನಲ್ಲಿಯೂ ಇತ್ತು. ತಾಯಿಯನ್ನು ಅದು ಗೆಲ್ಲಲಿಲ್ಲ.

ಗಿರೀಶ ಕಾರ್ನಾಡರು ಇದೇ ಕಥೆಯನ್ನು ‘ಹಿಟ್ಟಿನ ಹುಂಜ’ (1980) ಎಂಬ ನಾಟಕವಾಗಿಸಿದರು. ಅರಸ, ಅರಸಿ, ತಾಯಿ, ಮಾವಟಿಗರ ಸಂಭಾಷಣೆಯೇ ಅಲ್ಲಿ ಸರ್ವಸ್ವ. ಸಂಕಲ್ಪಹಿಂಸೆಯ ಪ್ರಶ್ನೆ ಅಲ್ಲಿಯೂ ತೀವ್ರವಾಗಿದೆ. ನಾಟಕಕಾರರು ಹಳೆಯ ತೀರ್ಪನ್ನು ಒಪ್ಪಲಿಲ್ಲವೆಂದು ಕೆಲವರು ಬೇಸರಗೊಂಡಾರು. ಆದರೆ ಎಂಟು ಶತಮಾನಗಳ ಹಿಂದೆ ಜನ್ನನು ಪಾತ್ರಗಳಿಗೆ ತಮ್ಮದೇ ಮಾತನ್ನು ಕೊಟ್ಟಿದ್ದರಿಂದಲೇ ಅವರನ್ನು ಮತ್ತೆ ವಿಚಾರಿಸುವುದು ಸಾಧ್ಯವಾಯಿತೆಂಬುದನ್ನು ಮರೆಯಲಾಗದು.

ದಶಲಕ್ಷಣ ಪರ್ವದಲ್ಲಿ ಉತ್ತಮ ಆರ್ಜವಕ್ಕೂ ಉತ್ತಮ ಸತ್ಯಕ್ಕೂ ಒಂದೊಂದು ದಿನವಿದೆ. ಬಸದಿಗಳ ಆಡಳಿತ ಮಂಡಳಿಗಳು ಆ ದಿನಗಳ ಸ್ವಾಧ್ಯಾಯಕ್ಕೆ ಈ ಕಾವ್ಯದ ಸಂಭಾಷಣೆಗಳನ್ನು ಹೊಸಗನ್ನಡದ ಅರ್ಥದೊಡನೆ ಓದಿಸಬಹುದು. ಮಕ್ಕಳಿಗೆ ಕಥಾಸಾರವನ್ನು ಹೇಳಿ ನೀತಿಯನ್ನು ಉರುಹೊಡೆಸುವುದಕ್ಕಿಂತ, ‘ಯಶೋಧರನು ತಾಯಿಗೆ ನಿಜವನ್ನೇ ಹೇಳಿದ್ದರೆ ಏನಾಗುತ್ತಿತ್ತು?’ ಎಂದು ಕೇಳುವುದು ಮೇಲು. ಹಿಟ್ಟಿನ ಕೋಳಿಯನ್ನು ಕಡಿಯುವವರು ಇಂದು ನಮ್ಮ ಮನೆಗಳಲ್ಲಿಲ್ಲ. ನಗುತ್ತಲೇ ಇರಿಯುವ ಮಾತು, ಹೇಳಬೇಕಾದುದನ್ನು ಮುಚ್ಚಿಡುವ ಮರೆಮಾತು ಇಲ್ಲವೆಂದು ಎದೆಮುಟ್ಟಿ ಹೇಳಬಲ್ಲವರೆಷ್ಟು ಮಂದಿ?