ಯಂತ್ರಕ್ಕೆ ಹೆದರುವ ಕೈ ಯಾರದು?

ಫ್ಯಾಷನ್ ಬಗ್ಗೆ ಬರೆಯುತ್ತೇನೆ ಅಂದಾಗ ಗೆಳೆಯರೊಬ್ಬರು, ‘ದಲಿತ ವಿಮರ್ಶೆಗೂ ಪ್ಯಾರಿಸ್ಸಿನ ಬಟ್ಟೆಗೂ ಏನ್ರೀ ಸಂಬಂಧ?’ ಎಂದು ನಕ್ಕರು. ಮೊಣಕಾಲ ಕೆಳಗೆ ಪಂಚೆ ಬಿಡುವುದಕ್ಕೂ, ಊರೊಳಗೆ ಚಪ್ಪಲಿ ಮೆಟ್ಟುವುದಕ್ಕೂ ಮೇಲಿನವರ ಅಪ್ಪಣೆ ಬೇಕಾಗಿದ್ದ ಜನಕ್ಕೆ ಉಡುಪು ಯಾವತ್ತೂ ಬರೀ ಅಲಂಕಾರವಾಗಿರಲಿಲ್ಲ. ಹಾಗಾಗಿ ಉಳ್ಳವರ ಉಡುಪನ್ನೂ ನಾವು ನಮ್ಮ ಕಣ್ಣಿನಿಂದಲೇ ಓದಬೇಕಾಗಿದೆ.

1998ರ ಸೆಪ್ಟೆಂಬರಿನಲ್ಲಿ ಅಲೆಕ್ಸಾಂಡರ್ ಮೆಕ್ವೀನ್ ಲಂಡನ್ನಿನಲ್ಲಿ ‘ನಂ. 13’ ಎಂಬ ಪ್ರದರ್ಶನ ಮಾಡಿದ. ಅದರ ಕೊನೆಗೆ ಶಾಲೋಮ್ ಹಾರ್ಲೋ ಎಂಬ ರೂಪದರ್ಶಿ ಬಿಳಿ ಗೌನು ತೊಟ್ಟು ತಿರುಗುವ ಹಲಗೆಯ ಮೇಲೆ ನಿಂತಳು. ಆಚೀಚೆ, ಕಾರು ಕಾರ್ಖಾನೆಯಲ್ಲಿ ಬಣ್ಣ ಹೊಡೆಯುವಂಥ ಎರಡು ರೋಬೋಟುಗಳು. ಅವು ಹಾವಿನ ಹಾಗೆ ಹೆಡೆಯೆತ್ತಿ ಅವಳ ಸುತ್ತ ಆಡಿದವು. ಆಮೇಲೆ ಕಪ್ಪು, ಹಳದಿ ಬಣ್ಣ ಉಗುಳಿದವು. ಅವಳು ಕೈ ಅಡ್ಡ ಹಿಡಿದಳು. ಮಗುವಾಗಿದ್ದಾಗಲೇ ಎರಡೂ ಕಾಲು ಕಳೆದುಕೊಂಡಿದ್ದ ಓಟಗಾರ್ತಿ ಏಮಿ ಮುಲ್ಲಿನ್ಸ್ ಅದೇ ಪ್ರದರ್ಶನದಲ್ಲಿ ಕೆತ್ತನೆಯ ಮರದ ಕಾಲುಗಳ ಮೇಲೆ ನಡೆದುಬಂದಳು. ಅವು ಬೂಟುಗಳೆಂದೇ ತಿಳಿದವರಿದ್ದರು. ಈ ಪ್ರದರ್ಶನದ ಹಿಂದೆ ಇದ್ದದ್ದು ವಿಲಿಯಂ ಮಾರಿಸ್ ಮೊದಲಾದವರು 19ನೇ ಶತಮಾನದ ಇಂಗ್ಲೆಂಡಿನಲ್ಲಿ ನಡೆಸಿದ ಕರಕುಶಲ ಚಳವಳಿಯ ನೆನಪು. ಕಾರ್ಖಾನೆಯ ಸರಕಿನೆದುರು ಕೈಕೆಲಸದ ಘನತೆಯನ್ನು ಎತ್ತಿಹಿಡಿದ ಚಳವಳಿ ಅದು. ಶತಮಾನ ಮುಗಿಯುತ್ತಿತ್ತು, 2000ನೇ ಇಸವಿ ಹುಟ್ಟಿದೊಡನೆ ಕಂಪ್ಯೂಟರುಗಳೆಲ್ಲ ಕೆಡುತ್ತವೆ ಎಂಬ ಗುಲ್ಲೂ ಇತ್ತು. ಯಂತ್ರ ನಮ್ಮನ್ನು ಏನು ಮಾಡೀತೋ ಎಂಬ ಆ ಸಮಾಜದ ದಿಗಿಲೇ ಬಿಳಿ ಗೌನಿನ ಮೇಲೆ ಬಣ್ಣವಾಗಿ ಬಿದ್ದಿತ್ತು.

24 ವರ್ಷ ಕಳೆದ ಮೇಲೆ, 2022ರ ಸೆಪ್ಟೆಂಬರಿನಲ್ಲಿ, ಪ್ಯಾರಿಸ್ಸಿನ ಕೊಪರ್ನಿ ಪ್ರದರ್ಶನದಲ್ಲಿ ಇದೇ ದೃಶ್ಯ ಬೇರೆ ಅರ್ಥದಲ್ಲಿ ಮರಳಿತು. ಬೆಲ್ಲಾ ಹದೀದ್ ಹೆಚ್ಚುಕಡಿಮೆ ಬರಿಮೈಯಲ್ಲಿ ನಿಂತಳು. ಮಾನೆಲ್ ಟೊರೆಸ್ ಎಂಬ ವಿಜ್ಞಾನಿ ಮತ್ತವನ ಸಂಗಡಿಗರು ಅವಳ ಮೈಮೇಲೆ ಎಳೆ ಬೆರೆಸಿದ ದ್ರಾವಣವನ್ನು ಸಿಂಪಡಿಸಿದರು. ಹತ್ತು ನಿಮಿಷದ ಹೊತ್ತಿಗೆ ಅದು ಆರಿ ಬಟ್ಟೆಯಾಯಿತು. ಹೊಲಿಗೆ ಇಲ್ಲ, ನೇಯ್ಗೆ ಇಲ್ಲ. ಹಾರ್ಲೋ ಕೈ ಅಡ್ಡ ಹಿಡಿದಿದ್ದಳು. ಹದೀದ್ ಮೈಯೊಡ್ಡಿ ನಿಂತಳು. ಭಯ ಹೋಗಿ ಒಪ್ಪಿಗೆ ಬಂದಿತ್ತು. ಆದರೆ ಕೊನೆಗೆ ಒಬ್ಬ ಹೆಣ್ಣುಮಗಳು ಬಂದು ಭುಜದ ಪಟ್ಟಿಯನ್ನು ಸರಿಮಾಡಿ, ಅಂಚನ್ನು ಕತ್ತರಿಸಬೇಕಾಯಿತು. ಕೈಯನ್ನು ಪೂರಾ ಬಿಟ್ಟುಬಿಡಲು ಫ್ಯಾಷನ್ನಿಗೆ ಇನ್ನೂ ಧೈರ್ಯ ಸಾಲದು.

ಇವೆರಡರ ನಡುವೆ, 2016ರಲ್ಲಿ, ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಂ ಕೈ ಮತ್ತು ಯಂತ್ರದ ಸಂಬಂಧದ ಮೇಲೆಯೇ ‘ಮಾನುಸ್ ಎಕ್ಸ್ ಮಾಕಿನಾ’ ಎಂಬ ಪ್ರದರ್ಶನ ಏರ್ಪಡಿಸಿತ್ತು. ಅದರ ವಿಭಾಗಗಳಿಗೆ ಮಾದರಿ 18ನೇ ಶತಮಾನದಲ್ಲಿ ದಿದೆರೊ ಮತ್ತು ದಾಲೆಂಬೆರ್ ಸಂಪಾದಿಸಿದ ಫ್ರೆಂಚ್ ವಿಶ್ವಕೋಶ. ಕಸೂತಿ, ಗರಿಗೆಲಸ, ಲೇಸು, ಅವುಗಳ ಪಕ್ಕದಲ್ಲೇ ಚರ್ಮದ ಕೆಲಸ. ಕಸುಬುಗಳನ್ನು ವಿಜ್ಞಾನ, ಕಲೆಗಳ ಪಂಕ್ತಿಯಲ್ಲಿ ಕೂರಿಸಿದ ಗ್ರಂಥ ಅದು. ನನ್ನ ತಕರಾರು ಶುರುವಾಗುವುದು ಈ ಪಂಕ್ತಿಯಲ್ಲಿ. ಕಸೂತಿಯ ಕೈಯನ್ನೂ ಚರ್ಮದ ಕೈಯನ್ನೂ ಒಂದೇ ಸಾಲಿನಲ್ಲಿಡಲು ನಮ್ಮ ಸಮಾಜ ಯಾವತ್ತು ಒಪ್ಪಿತ್ತು? ಹರಳಯ್ಯ, ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮ ತೆಗೆದು ಬಸವಣ್ಣನಿಗೆ ಚಮ್ಮಾವುಗೆ ಮಾಡಿದ ಕತೆ ಕೇಳಿ ಕಣ್ಣೀರು ಹಾಕುವವರೂ ಚರ್ಮ ಹದ ಮಾಡುವ ಕೇರಿಗೆ ಕಾಲಿಡುವುದಿಲ್ಲ. ಘನತೆ ಇದ್ದ ಕೈಗೆ ಅದನ್ನು ಕಳೆದುಕೊಳ್ಳುವ ಭಯ ಇರುತ್ತದೆ. ಘನತೆಯನ್ನೇ ಕಾಣದ ಕೈಗೆ ಯಂತ್ರ ಬೇರೆಯಾಗಿಯೇ ಕಾಣುತ್ತದೆ.

2025ರ ಜೂನಿನಲ್ಲಿ ಈ ಪ್ರಶ್ನೆ ನಮ್ಮ ಮನೆಬಾಗಿಲಿಗೇ ಬಂತು. ಮಿಲಾನಿನಲ್ಲಿ ಪ್ರಾಡಾ ಕಂಪನಿ ಕೊಲ್ಹಾಪುರಿ ಚಪ್ಪಲಿಯನ್ನು ಬರೀ ‘ಚರ್ಮದ ಸ್ಯಾಂಡಲ್’ ಎಂದು ಮೆರೆಸಿತು. ಜಾಲಿ ತೊಗಟೆ, ಅಳಲೆಕಾಯಿಯಲ್ಲಿ ಹದವಾದ ಚರ್ಮವನ್ನು ಮೊಳೆಯಿಲ್ಲದೆ ಚರ್ಮದ ದಾರದಲ್ಲೇ ಹೊಲಿಯುವ ಈ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಅದರಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜತೆ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರಗಳೂ ಇವೆ. ಗಲಾಟೆಯಾದ ಮೇಲೆ ಕಂಪನಿ ಮೂಲವನ್ನು ಒಪ್ಪಿಕೊಂಡಿತು. ಡಿಸೆಂಬರಿನಲ್ಲಿ ಎರಡು ರಾಜ್ಯಗಳ ಚರ್ಮೋದ್ಯಮ ನಿಗಮಗಳ ಜತೆ ಒಪ್ಪಂದ ಮಾಡಿಕೊಂಡಿತು: 2,000 ಜೊತೆ, ಜೊತೆಗೆ ಸುಮಾರು 800 ಯೂರೋ. ಇಲ್ಲಿನ ಕಸುಬು, ಇಟಲಿಯ ತಂತ್ರ ಎರಡೂ ಬೆರೆಯುತ್ತವಂತೆ. ನಮ್ಮ ಪತ್ರಿಕೆಗಳು ಇದನ್ನು ‘ಭಾರತದ ಪರಂಪರೆ’ಯ ಗೆಲುವು ಎಂದು ಬರೆದವು. ಸಮಗಾರರ ಕೈ ಯಾವಾಗ ಭಾರತದ ಪರಂಪರೆಯಾಯಿತು? ಮಿಲಾನಿನ ಬೆಲೆಪಟ್ಟಿ ಬಿದ್ದ ಮೇಲೆ ತಾನೆ?

ಮೆಕ್ವೀನನ ರೋಬೋಟಿನ ವಿಡಿಯೋವನ್ನು ತರಗತಿಯಲ್ಲಿ ತೋರಿಸಿದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಕೇಳಿದ: ‘ಸಾರ್, ಇದು ಮ್ಯಾನ್‌ಹೋಲಿಗೂ ಇಳಿಯುತ್ತಾ?’ ಯಾರೂ ನಗಲಿಲ್ಲ. ಕೇರಳದಲ್ಲಿ ‘ಬ್ಯಾಂಡಿಕೂಟ್’ ಎಂಬ ಮ್ಯಾನ್‌ಹೋಲ್ ರೋಬೋಟು ಕೆಲಸಕ್ಕಿಳಿದದ್ದು 2018ರಲ್ಲಿ. ಗೌನಿಗೆ ಬಣ್ಣ ಹೊಡೆಯಲು ಬಂದ ಕೈ ಚರಂಡಿಗೆ ಇಳಿಯಲು 20 ವರ್ಷ ಬೇಕಾಯಿತು. ರಕ್ಷಣೆಯಿಲ್ಲದೆ ಮನುಷ್ಯರನ್ನು ಚರಂಡಿಗೆ ಇಳಿಸಬಾರದೆಂದು 2013ರ ಕಾಯಿದೆ ಹೇಳಿದೆ. ಆಮೇಲೂ ಸಾವು ನಿಂತಿಲ್ಲ. ಯಂತ್ರ ಇಲ್ಲದ್ದಕ್ಕೆ ಅಲ್ಲ, ಮನುಷ್ಯ ಅಗ್ಗಕ್ಕೆ ಸಿಗುತ್ತಾನೆ ಅನ್ನೋದಕ್ಕೆ.

ಅಂಬೇಡ್ಕರ್ 1945ರಲ್ಲೇ ಗಾಂಧಿವಾದದ ಯಂತ್ರವಿರೋಧವನ್ನು ಪ್ರಶ್ನಿಸಿದ್ದರು. ಕೆಡುಕು ಯಂತ್ರದಲ್ಲಿಲ್ಲ, ಅದರ ಫಲವನ್ನು ಕೆಲವರೇ ಬಾಚಿಕೊಳ್ಳುವ ವ್ಯವಸ್ಥೆಯಲ್ಲಿದೆ; ದುಡಿಯುವವನಿಗೆ ಬಿಡುವು, ಬಿಡುವಿನಿಂದ ಸಂಸ್ಕೃತಿ ಸಿಗಬೇಕಾದರೆ ಯಂತ್ರ ಬೇಕು ಎಂಬುದು ಅವರ ವಾದ. ಈ ವಾದವನ್ನು ಎದುರಿಗಿಟ್ಟುಕೊಂಡರೆ ಫ್ಯಾಷನ್ನಿನ ಭಯವೂ ಸಂಭ್ರಮವೂ ಅರ್ಧ ಸತ್ಯ ಅನ್ನಿಸುತ್ತವೆ. ಮಾರಿಸನ ಹಾಗೆ ಕೈಕೆಲಸವನ್ನು ಹಾಡಿ ಹೊಗಳಲು ನನಗೆ ಆಗುವುದಿಲ್ಲ. ಸುಣ್ಣದ ಗುಂಡಿಯಲ್ಲಿ ಚರ್ಮ ತೊಳೆದು ಬಿರಿದ ಕೈಗೆ ಬಿಡುಗಡೆ ಬೇಕು. ಹಾಗಂತ ಕೊಪರ್ನಿಯ ಪವಾಡಕ್ಕೆ ಚಪ್ಪಾಳೆ ತಟ್ಟಲೂ ಆಗುವುದಿಲ್ಲ. ಕೈಯನ್ನು ಬಿಟ್ಟ ಯಂತ್ರ ಆ ಕೈಯ ಅನ್ನವನ್ನೂ ಕಸಿದರೆ ಅದು ಹೊಸ ಜಾತಿ ಅಷ್ಟೇ.

ನಮ್ಮ ವಿಮರ್ಶೆ ಕೇಳಬೇಕಾದ್ದು ಇದನ್ನು: ರಂಪಿಗೆ ಹಿಡಿದ ಕೈಗೆ ಯಂತ್ರದ ಗುಂಡಿ ಒತ್ತುವ ಹಕ್ಕು ಇದೆಯೆ? 800 ಯೂರೋದಲ್ಲಿ ಆ ಕೈಗೆ ಬರುವುದೆಷ್ಟು? ಇದಕ್ಕೆ ಉತ್ತರ ಬರುವ ತನಕ ವೇದಿಕೆಯ ಬೆಳಕಿನಲ್ಲಿ ನಮಗೆ ಕಾಣುವುದು ಅವರ ಆತಂಕ ಮಾತ್ರ. ನಮ್ಮದು ಇನ್ನೂ ಗುಂಡಿಯೊಳಗೇ ಇದೆ.