ಪರಿಸರನ್ಯಾಯದ ಹದಿನೇಳು ಸೂತ್ರಗಳಲ್ಲಿ ಕರ್ತೃವಿಚಾರ

೧೯೯೧ನೆಯ ಇಸವಿ ಅಕ್ಟೋಬರ್ ತಿಂಗಳ ೨೪ರಿಂದ ೨೭ರ ವರೆಗೆ ಅಮೆರಿಕದ ಸಂಯುಕ್ತ ಸಂಸ್ಥಾನಗಳ ರಾಜಧಾನಿಯಾದ ವಾಷಿಂಗ್‌ಟನ್ ನಗರದಲ್ಲಿ ಒಂದು ಸಮ್ಮೇಳನವು ನೆರೆಯಿತು. ಆಫ್ರಿಕದ ಮೂಲದವರು, ಆ ಖಂಡದ ಆದಿನಿವಾಸಿಗಳು, ಸ್ಪ್ಯಾನಿಷ್ ನುಡಿಯ ಜನರು, ಏಷ್ಯದ ಮೂಲದವರು, ಪೆಸಿಫಿಕ್ ದ್ವೀಪಗಳವರು, ಹೀಗೆ ಬಿಳಿಯರಲ್ಲದ ಹಲವು ಜನಾಂಗಗಳ ನೂರಾರು ಮಂದಿ ಅಲ್ಲಿ ಕೂಡಿದ್ದರು. ಕಡೆಯ ದಿವಸ ಅವರು ಒಂದು ಪೀಠಿಕೆಯನ್ನೂ ಹದಿನೇಳು ಸೂತ್ರಗಳನ್ನೂ ಅಂಗೀಕರಿಸಿದರು. ಪರಿಸರನ್ಯಾಯದ ಸೂತ್ರಗಳೆಂದು ಈಗ ಲೋಕಪ್ರಸಿದ್ಧವಾಗಿರುವ ಬರಹ ಇದೇ. ರಾಜನೀತಿಜ್ಞರೂ ಸಮಾಜಶಾಸ್ತ್ರಜ್ಞರೂ ಇದನ್ನು ಬೇಕಾದಷ್ಟು ಚರ್ಚಿಸಿರುವರು. ಆದರೆ ಇದು ಒಂದು ಗ್ರಂಥವೂ ಹೌದು. ಪದಪದವನ್ನೂ ತೂಗಿ ಇಟ್ಟ ಬರಹವನ್ನು ಪದಪದವಾಗಿಯೇ ಓದುವುದು ವಿಮರ್ಶಕನ ಕರ್ತವ್ಯ. ಅಂತಹ ಓದನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಮೊದಲು ಬರಹದ ಹಿನ್ನೆಲೆಯನ್ನು ಸಂಕ್ಷೇಪವಾಗಿ ಹೇಳತಕ್ಕದ್ದು. ೧೯೭೮ರ ಬೇಸಗೆಯಲ್ಲಿ ಉತ್ತರ ಕ್ಯಾರೊಲಿನ ಸಂಸ್ಥಾನದೊಳಗೆ ಸುಮಾರು ೨೪೦ ಮೈಲಿ ರಸ್ತೆಗಳ ಅಂಚಿನಲ್ಲಿ ಕೆಲವರು ರಾತ್ರಿ ಹೊತ್ತು ವಿಷಮಿಶ್ರಿತವಾದ ಎಣ್ಣೆಯನ್ನು ಕಳ್ಳತನದಿಂದ ಸುರಿದುಹೋದರು. ಪಿ.ಸಿ.ಬಿ. ಎಂಬ ಹೆಸರಿನ ಆ ರಸಾಯನವು ಮಣ್ಣಿನಲ್ಲಿ ಬೇಗನೆ ಕರಗದು, ಕೊಳೆಯದು. ಕೆಟ್ಟ ಮಣ್ಣನ್ನು ಅಗೆದು ತೆಗೆದು ಹೂಳುವುದಕ್ಕೆ ಎಡೆ ಬೇಕಾಯಿತು. ಸಂಸ್ಥಾನದ ಸರ್ಕಾರವು ಆರಿಸಿದುದು ವಾರನ್ ಪ್ರಾಂತದ ಆಫ್ಟನ್ ಎಂಬ ಹಳ್ಳಿಯ ಬಳಿಯ ನೆಲವನ್ನು; ಅಲ್ಲಿನ ನಿವಾಸಿಗಳಲ್ಲಿ ಬಹುಮಂದಿ ಕರಿಯರು, ಬಡವರು. ಆ ನೆಲದಲ್ಲಿ ಅಂತರ್ಜಲವು ಮೇಲುಮಟ್ಟದಲ್ಲಿಯೇ ಇದ್ದು, ಜನರು ಬಾವಿಯ ನೀರನ್ನು ಕುಡಿಯುವವರಾಗಿದ್ದರು. ೧೯೮೨ರ ಸೆಪ್ಟೆಂಬರಿನಲ್ಲಿ ಮಣ್ಣಿನ ಲಾರಿಗಳು ಬರತೊಡಗಿದಾಗ ಗಂಡಸರು, ಹೆಂಗಸರು, ಮಕ್ಕಳು ರಸ್ತೆಗೆ ಅಡ್ಡಲಾಗಿ ಮಲಗಿದರು. ಕೆಲವು ವಾರಗಳಲ್ಲಿ ಐನೂರಕ್ಕೆ ಮಿಕ್ಕು ಸೆರೆಗಳಾದುವು. ಲಾರಿಗಳೇನೋ ನಿಲ್ಲಲಿಲ್ಲ, ಪ್ರಶ್ನೆಯು ಮಾತ್ರ ನಿಂತಿತು. ೧೯೮೩ರಲ್ಲಿ ಅಲ್ಲಿನ ಕೇಂದ್ರ ಸರ್ಕಾರದ ಲೆಕ್ಕಪರಿಶೋಧನೆಯ ಕಚೇರಿಯು ಆಗ್ನೇಯ ಭಾಗದ ಎಂಟು ಸಂಸ್ಥಾನಗಳನ್ನು ನೋಡಿ, ಅಪಾಯಕರವಾದ ಕಸವನ್ನು ಹೂಳುವ ನಾಲ್ಕು ದೊಡ್ಡ ಸ್ಥಳಗಳಲ್ಲಿ ಮೂರು ಕರಿಯರೇ ಬಹುಸಂಖ್ಯರಾಗಿರುವ ಊರುಗಳಲ್ಲಿವೆಯೆಂದು ವರದಿಮಾಡಿತು. ೧೯೮೭ರಲ್ಲಿ ಒಂದು ಕ್ರೈಸ್ತ ಸಂಘದ ಜನಾಂಗನ್ಯಾಯ ಸಮಿತಿಯು ದೇಶವನ್ನೆಲ್ಲ ಪರೀಕ್ಷಿಸಿ, ಇಂತಹ ಸ್ಥಳಗಳ ಆಯ್ಕೆಯನ್ನು ಸೂಚಿಸುವ ಅಂಶಗಳಲ್ಲಿ ಸಂಪತ್ತಿಗಿಂತಲೂ ಜನಾಂಗವೇ ಹೆಚ್ಚು ಪ್ರಬಲವಾದುದೆಂದು ತೋರಿಸಿತು. ೧೯೯೦ರಲ್ಲಿ ರಾಬರ್ಟ್ ಬುಲರ್ಡ್ ಎಂಬ ವಿದ್ವಾಂಸರ ಗ್ರಂಥವೂ ಬಂದಿತು. ಸಮ್ಮೇಳನವು ಈ ಬೇಸಾಯದ ಫಲ.

ಇನ್ನು ಬರಹವನ್ನು ನೋಡೋಣ. ಪೀಠಿಕೆಯು "ನಾವು" ಎಂಬ ಪದದಿಂದ ಮೊದಲಾಗುತ್ತದೆ. ಆ ದೇಶದ ರಾಜ್ಯಾಂಗವೂ "ನಾವು" ಎಂದೇ ಆರಂಭವಾಗುವುದರಿಂದ ಈ ಮಾತು ಬೇಕೆಂದೇ ಇಟ್ಟುದೆಂಬುದರಲ್ಲಿ ಸಂಶಯವಿಲ್ಲ. ೧೭೮೭ರ ಆ "ನಾವು" ಎಂಬುದರೊಳಗೆ ಗುಲಾಮರೂ ಆದಿನಿವಾಸಿಗಳೂ ಸೇರಿರಲಿಲ್ಲ. ಹೊರಗುಳಿದವರ ಸಂತತಿಯವರು ಎರಡು ಶತಮಾನಗಳ ಮೇಲೆ ಅದೇ ಪದವನ್ನು ತಾವು ಎತ್ತಿಕೊಂಡರು. ಈ "ನಾವು" ಸೇರಿದೆವು, ಐನೂರು ವರ್ಷಗಳಿಂದ ಕಳೆದುಹೋದ ಬಿಡುಗಡೆಯನ್ನು ಪಡೆಯಲು ಹೊರಟೆವು, ಈ ಸೂತ್ರಗಳನ್ನು ಅಂಗೀಕರಿಸಿದೆವು ಎಂಬುದು ಪೀಠಿಕೆಯ ಅನ್ವಯ. ಕರ್ತೃಪದವು ಸ್ಪಷ್ಟ, ಕ್ರಿಯಾಪದಗಳು ಬಲವಾದುವು.

ಪೀಠಿಕೆಯನ್ನು ದಾಟಿದೊಡನೆ ವಾಕ್ಯರಚನೆಯು ಬದಲಾಗುತ್ತದೆ. ಹದಿನೇಳು ಸೂತ್ರಗಳಲ್ಲಿ ಪ್ರತಿಯೊಂದಕ್ಕೂ ಕರ್ತೃವು "ಪರಿಸರನ್ಯಾಯ" ಎಂಬ ಭಾವನಾಮವೇ. ಪರಿಸರನ್ಯಾಯವು ಭೂಮಿತಾಯಿಯ ಪಾವಿತ್ರ್ಯವನ್ನು ದೃಢಪಡಿಸುತ್ತದೆ. ವಿಷವಸ್ತುಗಳ ಉತ್ಪಾದನೆಯು ನಿಲ್ಲಬೇಕೆಂದು ಕೇಳುತ್ತದೆ. ಕಾರ್ಮಿಕನು ಅಪಾಯದ ಜೀವನೋಪಾಯಕ್ಕೂ ನಿರುದ್ಯೋಗಕ್ಕೂ ನಡುವೆ ಒಂದನ್ನು ಆರಿಸಿಕೊಳ್ಳುವಂತೆ ಬಲವಂತಪಡಿಸಬಾರದೆನ್ನುತ್ತದೆ. ಅನ್ಯಾಯಕ್ಕೆ ಗುರಿಯಾದವರಿಗೆ ಪೂರ್ಣ ಪರಿಹಾರವೂ ಒಳ್ಳೆಯ ವೈದ್ಯವೂ ದೊರೆಯಬೇಕೆನ್ನುತ್ತದೆ. "ನಮ್ಮ" ಎಂಬ ಷಷ್ಠೀವಿಭಕ್ತಿಯು ಹನ್ನೆರಡನೆಯ ಮತ್ತು ಹದಿನಾರನೆಯ ಸೂತ್ರಗಳಲ್ಲಿ ಇಣಿಕಿ ನೋಡುವುದು. "ನಾವು" ಎಂಬುದು ಮರಳಿ ಬರುವುದು ಕಟ್ಟಕಡೆಯ ಹದಿನೇಳನೆಯ ಸೂತ್ರದಲ್ಲಿ. ಅಲ್ಲಿಯೂ ಅದು ಪೀಠಿಕೆಯ "ನಾವು" ಆಗಿ ಬರುವುದಿಲ್ಲ. ವ್ಯಕ್ತಿಗಳಾದ ನಾವು ಎಂಬ ವಿಶೇಷಣವನ್ನು ತೊಟ್ಟು, ಕಡಿಮೆ ಬಳಸೋಣ, ಕಡಿಮೆ ಕಸಮಾಡೋಣ, ಬಾಳಿನ ರೀತಿಯನ್ನು ತಿದ್ದಿಕೊಳ್ಳೋಣ ಎಂಬ ಗೃಹಸ್ಥಧರ್ಮವನ್ನು ಹೇಳುತ್ತದೆ. ಊರಾಗಿ ಹೊರಟ "ನಾವು" ಮನೆಮನೆಯಾಗಿ ಚದುರಿ ಮನೆ ಸೇರುತ್ತದೆ. ನಡುವಿನ ಹದಿನಾರು ಸೂತ್ರಗಳಲ್ಲಿ ಕೇಳುವವರು ಯಾರು, ತಡೆಯುವವರು ಯಾರು, ರಸ್ತೆಗೆ ಅಡ್ಡಲಾಗಿ ಮಲಗುವವರು ಯಾರು ಎಂಬುದಕ್ಕೆ ವ್ಯಾಕರಣವು ಉತ್ತರಕೊಡದು.

ಇದು ಬರಿಯ ಪದಜಗಳವೆಂದು ವಾಚಕರು ಆಕ್ಷೇಪಿಸಬಹುದು. ಸ್ವಾತಂತ್ರ್ಯವುಳ್ಳದ್ದೇ ಕರ್ತೃವೆಂಬುದು ಪಾಣಿನಿಯ ಮತ. ಈ ಲಕ್ಷಣವನ್ನು ಒಪ್ಪಿದರೆ, ಐದನೆಯ ಸೂತ್ರವು ಕೇಳುವ ಸ್ವಯಂನಿರ್ಣಯದ ಹಕ್ಕೆಂದರೆ ಜನರು ತಮ್ಮ ವಾಕ್ಯಕ್ಕೆ ತಾವೇ ಕರ್ತೃವಾಗುವ ಹಕ್ಕೆಂದು ಅರ್ಥವಾಗುತ್ತದೆ. ಏಳನೆಯ ಸೂತ್ರವು ಇನ್ನೂ ಮುಂದೆ ಹೋಗಿ, ಆವಶ್ಯಕತೆಯನ್ನು ಅಳೆಯುವಾಗ, ಯೋಜಿಸುವಾಗ, ನಡೆಸುವಾಗ, ಕಟ್ಟುನಿಟ್ಟುಮಾಡುವಾಗ, ಫಲವನ್ನು ಬೆಲೆಕಟ್ಟುವಾಗ, ಈ ಐದು ಘಟ್ಟಗಳಲ್ಲಿಯೂ ಜನರಿಗೆ ಸಮಭಾಗಿತ್ವವು ಬೇಕೆನ್ನುತ್ತದೆ. ಇಡೀ ಬರಹದಲ್ಲಿ ಅತ್ಯಂತ ಉಪಯುಕ್ತವಾದ ವಾಕ್ಯ ಇದೇ ಎಂದು ಈ ಲೇಖಕನ ಅಭಿಪ್ರಾಯ. ಅನ್ಯಾಯವು ಎಲ್ಲಿ ನುಸುಳುವುದೆಂಬುದನ್ನು ಅದು ಕೈತೋರಿಸಿ ಹೇಳುತ್ತದೆ: ಸ್ಥಳವನ್ನು ಗೊತ್ತುಮಾಡಿದ ಮೇಲೆ ಅಭಿಪ್ರಾಯವನ್ನು ಕೇಳುವುದು ಎಲ್ಲ ಸರ್ಕಾರಗಳಿಗೂ ಸುಲಭ, ಆವಶ್ಯಕತೆಯೇ ಉಂಟೆ ಎಂಬ ಮೊದಲನೆಯ ಘಟ್ಟದಲ್ಲಿ ಕೇಳುವುದು ಕಷ್ಟ. ಇಷ್ಟು ಸೂಕ್ಷ್ಮವಾಗಿ ಕಂಡವರು ತಮ್ಮ ವಾಕ್ಯಗಳಲ್ಲಿ ಮಾತ್ರ ಜನರನ್ನು ಕರ್ತೃಸ್ಥಾನದಿಂದ ಇಳಿಸಿದುದು ಏಕೆ?

ಅವರ ಪರವಾಗಿ ಹೇಳಬೇಕಾದುದನ್ನೂ ಹೇಳಬೇಕು. ಒಡಂಬಡಿಕೆಗಳಿಂದ ಸರ್ಕಾರದೊಡನೆ ಸಂಬಂಧವುಳ್ಳ ಆದಿನಿವಾಸಿಗಳ ಸ್ಥಿತಿಯೂ, ಹೊಲಗಳಲ್ಲಿ ಕೂಲಿಮಾಡುವ ವಲಸೆಗಾರರ ಸ್ಥಿತಿಯೂ, ನಗರಗಳ ಕರಿಯರ ಸ್ಥಿತಿಯೂ ಒಂದೇ ಅಲ್ಲ. ವಾಕ್ಯವಾಕ್ಯಕ್ಕೂ "ನಾವು" ಎಂದಿದ್ದರೆ ಯಾರ ನಾವು ಎಂಬ ಜಗಳವು ಹುಟ್ಟುತ್ತಿತ್ತು. ಭಾವನಾಮವು ಎಲ್ಲರೂ ನಿಲ್ಲಬಹುದಾದ ಚಾವಡಿ. ಅಷ್ಟೇ ಅಲ್ಲದೆ, ಹಕ್ಕುಗಳ ಘೋಷಣೆಯೆಂಬ ಪ್ರಬಂಧಜಾತಿಗೆ ಇಂತಹ ರಚನೆಯು ರೂಢಿಯಾದುದು. ಆದರೂ ರೂಢಿಗೆ ತೆರಬೇಕಾದ ಬೆಲೆಯೊಂದುಂಟು. ಭಾವನಾಮವನ್ನು ಕರ್ತೃಮಾಡಿದರೆ ಆ ಸ್ಥಾನಕ್ಕೆ ಯಾರು ಬೇಕಾದರೂ ಬಂದು ಕುಳಿತುಕೊಳ್ಳಬಹುದು.

ಹಾಗೆಯೇ ಆಯಿತು. ೧೯೯೪ನೆಯ ಇಸವಿ ಫೆಬ್ರವರಿ ೧೧ರಂದು ಅಧ್ಯಕ್ಷ ಕ್ಲಿಂಟನರು ೧೨೮೯೮ನೆಯ ಸಂಖ್ಯೆಯ ಆಜ್ಞೆಗೆ ರುಜುಹಾಕಿದರು. ಕೇಂದ್ರ ಸರ್ಕಾರದ ಪ್ರತಿಯೊಂದು ಇಲಾಖೆಯೂ ಪರಿಸರನ್ಯಾಯವನ್ನು ತನ್ನ ಕಾರ್ಯದಲ್ಲಿ ಸೇರಿಸಿಕೊಂಡು, ಅಲ್ಪಸಂಖ್ಯರ ಮೇಲೂ ಬಡವರ ಮೇಲೂ ಮಿತಿಮೀರಿ ಬೀಳುವ ಕೆಡುಕುಗಳನ್ನು ಕಂಡುಹಿಡಿದು ಸರಿಪಡಿಸತಕ್ಕದ್ದೆಂಬುದು ಅದರ ತಾತ್ಪರ್ಯ. ಇದು ದೊಡ್ಡ ಗೆಲವೆಂಬುದನ್ನು ಅಲ್ಲಗಳೆಯಲಾಗದು. ಆದರೆ ಆ ಆಜ್ಞೆಯಲ್ಲಿ ಕರ್ತೃವು ಇಲಾಖೆ. ಜನರು ಕರ್ಮಪದದಲ್ಲಿರುವರು, ಕೆಡುಕು ಯಾರ ಮೇಲೆ ಬೀಳುವುದೋ ಅವರಾಗಿ. ಈ ಆಜ್ಞೆಯಿಂದ ನ್ಯಾಯಾಲಯದಲ್ಲಿ ಸಾಧಿಸಬಹುದಾದ ಯಾವ ಹಕ್ಕೂ ಹುಟ್ಟುವುದಿಲ್ಲವೆಂದು ಅದರ ಕೊನೆಯಲ್ಲಿಯೇ ಬರೆದಿತ್ತು. ಒಬ್ಬರ ರುಜುವಿನಿಂದ ಬಂದುದು ಮತ್ತೊಬ್ಬರ ರುಜುವಿನಿಂದ ಹೋಗಬಲ್ಲುದು: ೨೦೨೫ರ ಜನವರಿಯಲ್ಲಿ ಅಧ್ಯಕ್ಷ ಟ್ರಂಪರು ಆ ಆಜ್ಞೆಯನ್ನು ರದ್ದುಪಡಿಸಿದರು. ಮೂವತ್ತು ವರ್ಷಗಳ ಪದವಿಯು ಒಂದು ದಿವಸದಲ್ಲಿ ಇಲ್ಲವಾಯಿತು.

ವಾರನ್ ಪ್ರಾಂತದ ಕಥೆಯು ಇದಕ್ಕೆ ವಿರುದ್ಧವಾದ ದಾರಿಯಲ್ಲಿ ನಡೆಯಿತು. ೧೯೮೨ರಲ್ಲಿ ಸೋತವರು ಮನೆಗೆ ಹೋಗಿ ಕುಳಿತುಕೊಳ್ಳಲಿಲ್ಲ. ಯುಕ್ತವಾದ ವಿಧಾನವು ದೊರೆತಾಗ ಆ ಮಣ್ಣಿನ ವಿಷವನ್ನು ಕಳೆಯಲಾಗುವುದೆಂಬ ವಾಗ್ದಾನವು ಅವರಿಗೆ ದೊರೆತಿತ್ತು. ಅದನ್ನು ಅವರು ಮರೆಯಗೊಡಲಿಲ್ಲ. ತಮ್ಮವರನ್ನೊಳಗೊಂಡ ಸಮಿತಿಯಲ್ಲಿ ಕುಳಿತು, ತಜ್ಞರನ್ನು ಪ್ರಶ್ನಿಸಿ, ಹಣವನ್ನು ಕೇಳಿ, ಇಪ್ಪತ್ತು ವರ್ಷಗಳ ಕಾಲ ಪಟ್ಟುಹಿಡಿದರು. ೨೦೦೩ರಲ್ಲಿ ಆ ಮಣ್ಣಿನ ಶುದ್ಧೀಕರಣವು ಮುಗಿಯಿತು. ಇದನ್ನು ಯಾವ ರುಜುವೂ ಹಿಂದಕ್ಕೆ ತೆಗೆದುಕೊಳ್ಳಲಾರದು.

ಕನ್ನಡ ನಾಡಿನಲ್ಲಿಯೂ ಅದೇ ಕಾಲದಲ್ಲಿ ಇಂತಹ ಹೋರಾಟಗಳು ನಡೆದುವು. ಭಾಷೆಯ ದೃಷ್ಟಿಯಿಂದ ಅವುಗಳ ಹೋಲಿಕೆಯು ಬೋಧಪ್ರದವಾದುದು. ೧೯೮೩ರ ಸೆಪ್ಟೆಂಬರಿನಲ್ಲಿ ಸಿರ್ಸಿ ತಾಲ್ಲೂಕಿನ ಸಾಲ್ಕಣಿಯ ಜನರು ಮರಗಳನ್ನು ತಬ್ಬಿ ನಿಂತು ಕಡಿತವನ್ನು ತಡೆದರು. ಚಳುವಳಿಗೆ ಅಪ್ಪಿಕೋ ಎಂದು ಹೆಸರಾಯಿತು. ೧೯೮೪ರಲ್ಲಿ ಕರ್ನಾಟಕ ಸರ್ಕಾರವು ಹರಿಹರದ ಒಂದು ಕಾರ್ಖಾನೆಯೊಡನೆ ಕೂಡಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಕಂಪನಿಯನ್ನು ಸ್ಥಾಪಿಸಿ, ದನಕರುಗಳ ಮೇವಿಗೂ ಬಡವರ ಸೌದೆಗೂ ಆಧಾರವಾಗಿದ್ದ ಸುಮಾರು ೩೦,೦೦೦ ಹೆಕ್ಟೇರ್ ನೆಲದಲ್ಲಿ ನೀಲಗಿರಿಯನ್ನು ಬೆಳೆಯಲು ಹೊರಟಿತು. ಸಮಾಜ ಪರಿವರ್ತನ ಸಮುದಾಯದವರು ಇದನ್ನು ಎದುರಿಸಿದರು. ಡಾಕ್ಟರ್ ಶಿವರಾಮ ಕಾರಂತರೂ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದ ಅರ್ಜಿದಾರರಲ್ಲಿ ಒಬ್ಬರು. ೧೯೮೭ನೆಯ ಇಸವಿ ನವೆಂಬರ್ ೧೪ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನರು ನೀಲಗಿರಿಯ ಸಸಿಗಳನ್ನು ಕಿತ್ತು, ತಮಗೆ ಬೇಕಾದ ಸಸಿಗಳನ್ನು ನೆಟ್ಟರು. ಆ ಸತ್ಯಾಗ್ರಹದ ಹೆಸರು ಕಿತ್ತಿಕೋ ಹಚ್ಚಿಕೋ. ಕಂಪನಿಯನ್ನು ಮುಚ್ಚುವ ತೀರ್ಮಾನವಾದುದು ೧೯೯೧ರಲ್ಲಿ, ವಾಷಿಂಗ್‌ಟನ್ನಿನಲ್ಲಿ ಸೂತ್ರಗಳು ಹೊರಟ ವರ್ಷದಲ್ಲಿಯೇ.

ಅಪ್ಪಿಕೋ, ಕಿತ್ತಿಕೋ, ಹಚ್ಚಿಕೋ: ಈ ಮೂರರಲ್ಲಿಯೂ ಭಾವನಾಮವಿಲ್ಲ, ಮೂರೂ ವಿಧ್ಯರ್ಥದ ಕ್ರಿಯಾಪದಗಳು. ಅಲ್ಲದೆ ಮೂರರ ಕೊನೆಯಲ್ಲಿಯೂ "ಕೊಳ್" ಧಾತುವಿನ ಸಹಾಯಕ್ರಿಯೆಯುಂಟು. ಕೆಲಸದ ಫಲವು ಮಾಡಿದವನಿಗೇ ಸೇರುವುದೆಂದು ತಿಳಿಸುವುದಕ್ಕೆ ಕನ್ನಡವು ಇದನ್ನು ಬಳಸುತ್ತದೆ: ಬಡಿಸು ಎಂಬುದು ಬೇರೆ, ಬಡಿಸಿಕೋ ಎಂಬುದು ಬೇರೆ. ಉತ್ತರ ಕರ್ನಾಟಕದಲ್ಲಿ ಹಚ್ಚು ಎಂದರೆ ನೆಡು; ಹಚ್ಚಿಕೋ ಎಂದರೆ ನಿನಗಾಗಿ ನೀನೇ ನೆಡು. ನೆಡುವ ಕೈಯೂ ಉಣ್ಣುವ ಬಾಯಿಯೂ ಒಬ್ಬರದೇ ಆಗಿರಲಿ ಎಂಬ ಇಡೀ ಪರಿಸರನ್ಯಾಯವು ಈ ಒಂದಕ್ಷರದ ಪ್ರತ್ಯಯದಲ್ಲಿ ಅಡಗಿದೆ. ಈ ಹೆಸರುಗಳಿಗೂ ಕೊರತೆಯುಂಟೆಂಬುದನ್ನು ಮರೆಯಲಾಗದು. ಪರಿಹಾರ, ತಿಳಿದು ಕೊಡುವ ಸಮ್ಮತಿ, ಕಾರ್ಮಿಕನ ಕ್ಷೇಮ, ಮುಂದಿನ ಪೀಳಿಗೆಯ ಶಿಕ್ಷಣ, ಇವೆಲ್ಲವನ್ನೂ ಎರಡು ಕ್ರಿಯಾಪದಗಳು ಹೊರಲಾರವು. ನಾಳೆ ಮತ್ತೊಂದು ಊರಿನಲ್ಲಿ ನೀಲಗಿರಿಯ ಬದಲು ಗಣಿಯ ಧೂಳು ಎದ್ದರೆ ಯಾವುದನ್ನು ಕೀಳಬೇಕು, ಯಾವುದನ್ನು ಹಚ್ಚಬೇಕು? ಅಂತಹ ವೇಳೆಗೆ ಸೂತ್ರಗಳೇ ಬೇಕು.

ಹಾಗಾದರೆ ಸೂತ್ರಕ್ಕೂ ಕ್ರಿಯೆಗೂ ಇರತಕ್ಕ ಸಂಬಂಧವೇನು? ಇದನ್ನು ನಮ್ಮ ಕೇಶಿರಾಜನಿಂದ ಕಲಿಯಬಹುದು. ಶಬ್ದಮಣಿದರ್ಪಣದಲ್ಲಿ ಸೂತ್ರ, ವೃತ್ತಿ, ಪ್ರಯೋಗ ಎಂಬ ಮೂರು ಅಂಗಗಳಿವೆ. ಓದುವಾಗ ಸೂತ್ರವು ಮೊದಲು, ಪ್ರಯೋಗವು ಕಡೆಗೆ. ಹುಟ್ಟಿದ ಕ್ರಮವು ಇದಕ್ಕೆ ವಿಪರೀತ: ಕವಿಗಳ ಪ್ರಯೋಗಗಳು ಮೊದಲಿದ್ದುವು, ಅವುಗಳನ್ನು ನೋಡಿ ಸೂತ್ರವನ್ನು ಕಟ್ಟಿದುದು ಆಮೇಲೆ. ಪರಿಸರನ್ಯಾಯದ ಹದಿನೇಳು ಸೂತ್ರಗಳೂ ಹಾಗೆಯೇ. ವಾರನ್ ಪ್ರಾಂತದ ರಸ್ತೆಯು ೧೯೮೨ರದು, ಸೂತ್ರವು ೧೯೯೧ರದು. ಸೂತ್ರಗಳಿಂದ ಚಳುವಳಿಯು ಹುಟ್ಟಿತೆಂದು ಬೋಧಿಸುವವರು ಕ್ರಮವನ್ನು ತಲೆಕೆಳಗುಮಾಡುತ್ತಾರೆ. ಸೂತ್ರದಿಂದ ಬಿಟ್ಟುಹೋದ ಕರ್ತೃಪದವು ಪ್ರಯೋಗದಲ್ಲಿ ಉಂಟು; ಓದುವವರು ಅಲ್ಲಿಂದ ಅದನ್ನು ಅಧ್ಯಾಹಾರಮಾಡಿಕೊಳ್ಳಬೇಕು.

ಬರೆದವರಿಗೂ ಈ ಅಧ್ಯಾಹಾರದ ಆವಶ್ಯಕತೆಯು ಕಂಡಿತೆಂದು ತೋರುತ್ತದೆ. ೧೯೯೬ರ ಡಿಸೆಂಬರಿನಲ್ಲಿ ನ್ಯೂ ಮೆಕ್ಸಿಕೋ ಸಂಸ್ಥಾನದ ಹೇಮೆಸ್ ಎಂಬಲ್ಲಿ ಸೇರಿದ ಸಂಘಟಕರು ಆರು ಚಿಕ್ಕ ನಿಯಮಗಳನ್ನು ಒಪ್ಪಿಕೊಂಡರು. ಎಲ್ಲರನ್ನೂ ಒಳಗೊಳ್ಳುವುದು, ಬುಡದಿಂದ ಮೇಲಕ್ಕೆ ಸಂಘಟಿಸುವುದು, ಜನರು ತಮ್ಮ ಮಾತನ್ನು ತಾವೇ ಆಡುವಂತೆ ಬಿಡುವುದು, ಪರಸ್ಪರ ನೆರವಾಗಿ ದುಡಿಯುವುದು, ತಮ್ಮೊಳಗೆ ನ್ಯಾಯವಾದ ಸಂಬಂಧಗಳನ್ನು ಕಟ್ಟುವುದು, ತಮ್ಮನ್ನು ತಾವು ಮಾರ್ಪಡಿಸಿಕೊಳ್ಳುವುದು, ಇವೇ ಆ ಆರು. ಇಲ್ಲಿ ನ್ಯಾಯವು ಏನು ಕೇಳುವುದೆಂಬ ವಿಚಾರಕ್ಕಿಂತ, ನ್ಯಾಯವನ್ನು ಕೇಳುವವರು ಹೇಗೆ ನಡೆಯಬೇಕೆಂಬ ವಿಚಾರವು ಮುಖ್ಯ. ಹದಿನೇಳು ಸೂತ್ರಗಳಿಗೆ ಇದನ್ನು ವೃತ್ತಿಯೆಂದು ಎಣಿಸಿದರೆ ತಪ್ಪಾಗದು. ಒಂದನ್ನು ಬಿಟ್ಟು ಒಂದನ್ನು ಓದಬಾರದು.

ಈ ಬರಹವನ್ನು ಕನ್ನಡಕ್ಕೆ ತರಲು ಹೊರಡುವವರಿಗೆ ಒಂದು ಸೂಚನೆಯನ್ನು ಮಾಡಿ ಮುಗಿಸಬಹುದು. ಬಿಳಿಯರಲ್ಲದ ಜನರೆಂಬ ಮೂಲದ ಮಾತನ್ನು "ವರ್ಣ" ಶಬ್ದದಿಂದ ತಿರುಗಿಸಿದರೆ ನಮ್ಮಲ್ಲಿ ಬೇರೆಯೇ ಅರ್ಥವಾಗುವುದು; ಆ ಅರ್ಥವೂ ನಮ್ಮ ಊರುಗಳ ಕಸವು ಎಲ್ಲಿಗೆ ಹೋಗುವುದೆಂಬುದಕ್ಕೆ ದೂರವಾದುದಲ್ಲವಾದುದರಿಂದ ಗೊಂದಲವು ಇನ್ನೂ ಹೆಚ್ಚು. ಅಲ್ಲಿ ಎಚ್ಚರವು ಬೇಕು. ಅದಕ್ಕಿಂತಲೂ ಹೆಚ್ಚಿನ ಎಚ್ಚರವು ಕ್ರಿಯಾಪದಗಳಲ್ಲಿ ಬೇಕು. ಪರಿಸರನ್ಯಾಯವು ಕೇಳುತ್ತದೆ ಎಂದು ಮೂಲಕ್ಕೆ ಸರಿಯಾಗಿ ಬರೆಯಲಿ. ಕೆಳಗೆ ವೃತ್ತಿಯಲ್ಲಿ, ಕೇಳಿಕೊಂಡವರು ಯಾರೆಂಬುದನ್ನು, ಊರ ಹೆಸರಿನೊಡನೆ ಇಸವಿಯೊಡನೆ, ತಪ್ಪದೆ ಬರೆಯಲಿ.