ಒಂದು ಒಲೆ, ಮೂರು ಸಂಸಾರ

ಮನೆಯಿಲ್ಲದವರು ಯಾರೆಂದು ಕೇಳಿದರೆ ನಮ್ಮ ಜನಗಣತಿಯ ಬಳಿ ಸಿದ್ಧ ಉತ್ತರವಿದೆ: ರಸ್ತೆ ಬದಿ, ಫುಟ್‌ಪಾತ್, ಹ್ಯೂಮ್ ಪೈಪು, ಮೇಲ್ಸೇತುವೆಯ ಕೆಳಗೆ, ರೈಲ್ವೆ ಪ್ಲಾಟ್‌ಫಾರಂ ಮೇಲೆ ಮಲಗುವವರು. 2011ರ ಫೆಬ್ರವರಿ 28ರ ರಾತ್ರಿ ಹಾಗೆ ಎಣಿಸಿದಾಗ ದೇಶದಲ್ಲಿ 17.73 ಲಕ್ಷ ಜನ ಸಿಕ್ಕರು. ವರದಿ ಬರೆಯುವವರೆಲ್ಲ ಇದನ್ನು ಪ್ರಮಾಣವೆಂದೇ ಬಳಸುತ್ತಾರೆ. ಮೈಸೂರು ಜಿಲ್ಲೆಯ ಭೇರ್ಯದಿಂದ ಎಚ್.ಡಿ. ಕೋಟೆಯ ಕಾಡಂಚಿನವರೆಗಿನ ಊರುಗಳನ್ನು ಬಲ್ಲ ನಾನು ಅದನ್ನು ಒಪ್ಪಲಾರೆ. ನಮ್ಮ ಕಡೆ ಪೈಪಿನೊಳಗೆ ಮಲಗುವವರು ಅಪರೂಪ, ಮನೆಯಿಲ್ಲದವರು ಅಪರೂಪವಲ್ಲ.

ನಾಗರಹೊಳೆ ಕಾಡಿನಿಂದ ಒಕ್ಕಲೆದ್ದು ಹೊರಬಿದ್ದ ಜೇನುಕುರುಬ, ಬೆಟ್ಟಕುರುಬ, ಯರವ ಆದಿವಾಸಿಗಳನ್ನೇ ನೋಡಿ. ಪ್ರೊ. ಮುಜಾಫರ್ ಅಸ್ಸಾದಿ ಸಮಿತಿ 2014ರಲ್ಲಿ ಹೈಕೋರ್ಟಿಗೆ ಕೊಟ್ಟ ವರದಿ ಹೀಗೆ ಒಕ್ಕಲೆದ್ದ 3,418 ಕುಟುಂಬಗಳನ್ನು ಗುರುತಿಸಿತ್ತು. ನನ್ನ ತಕರಾರಿರುವುದು ಸರ್ಕಾರಿ ಕಾಗದದಲ್ಲಿ 'ಕುಟುಂಬ' ಎಂಬ ಮಾತಿಗೆ ಇರುವ ಅರ್ಥದ ಮೇಲೆ. ಜನಗಣತಿಯ ಪ್ರಕಾರ ಒಂದೇ ಅಡುಗೆಯಲ್ಲಿ ಉಣ್ಣುವವರು ಒಂದು ಕುಟುಂಬ.

ಹುಣಸೂರು ಕಡೆಯ ಪುನರ್ವಸತಿ ಹಾಡಿಯೊಂದರಲ್ಲಿ ನಾನು ಕಂಡ ಮನೆಗೆ ಈ ಅಳತೆ ಹಿಡಿಯೋಣ. ಸರ್ಕಾರ ಅಪ್ಪನಿಗೆ ಕಟ್ಟಿಸಿಕೊಟ್ಟ ಮನೆ ಅದು. ಇರುವ ಒಂದು ಕೋಣೆಗೆ ಅಡ್ಡಲಾಗಿ ಹಳೆಯ ಸೀರೆ. ಆಚೆ ಮುದುಕರು, ಈಚೆ ದೊಡ್ಡ ಮಗನ ಸಂಸಾರ. ಜಗಲಿಗೆ ಟಾರ್ಪಾಲು ಇಳಿಬಿಟ್ಟು ಚಿಕ್ಕವನು, ಹೆಂಡತಿ, ಹಸುಗೂಸು. ಕಾಫಿ ಕೊಯ್ಲಿನಲ್ಲಿ ಅವರು ಕೊಡಗಿನ ತೋಟದ ಲೈನ್ ಮನೆಗೆ ಹೋಗುತ್ತಾರೆ. ಕೆಲಸ ಮುಗಿದರೆ ಲೈನ್ ಮನೆಯೂ ಮುಗಿಯಿತು, ಮತ್ತೆ ಜಗಲಿ. ರೇಷನ್ ಕಾರ್ಡು ಒಂದು, ಒಲೆ ಒಂದು. ಹೀಗಾಗಿ ಲೆಕ್ಕದಲ್ಲಿ ಒಂದೇ ಕುಟುಂಬ, ಅದಕ್ಕೊಂದು ಪಕ್ಕಾ ಮನೆ. ಪ್ರಧಾನಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ನಿಯಮದಲ್ಲಿ ಪಕ್ಕಾ ಮನೆಯಲ್ಲಿರುವ ಕುಟುಂಬ ಪಟ್ಟಿಯಿಂದ ಹೊರಗೆ. ಅಪ್ಪನ ಸಿಮೆಂಟು ಗೋಡೆಯೇ ಮಗನಿಗೆ ಅಡ್ಡಗೋಡೆಯಾಯಿತು.

ಗಣತಿ ಬೇಗ ಮುಗಿಯಬೇಕಾದ ಕೆಲಸ, ಕಣ್ಣಿಗೆ ಕಾಣುವುದನ್ನೇ ಎಣಿಸಬೇಕು ಎಂಬುದು ನಿಜ. ಆದರೆ 2011ರ ಮನೆಪಟ್ಟಿ ನಮೂನೆಯಲ್ಲೇ ಎರಡು ಪ್ರಶ್ನೆಗಳಿದ್ದವು: ಎಷ್ಟು ಕೋಣೆ, ಎಷ್ಟು ವಿವಾಹಿತ ಜೋಡಿ. ಕೇಳಿದರು, ಬರೆದುಕೊಂಡರು, ಮನೆಯಿಲ್ಲದವರ ಲೆಕ್ಕಕ್ಕೆ ಮಾತ್ರ ಸೇರಿಸಲಿಲ್ಲ. 2012ರಲ್ಲಿ ಕೇಂದ್ರದ ತಜ್ಞರ ತಂಡ ನಗರಗಳ ವಸತಿ ಕೊರತೆಯನ್ನು 1.878 ಕೋಟಿ ಮನೆ ಎಂದಿತು. ಅದರಲ್ಲಿ ಬೀದಿಯಲ್ಲಿರುವವರ ಪಾಲು 5.3 ಲಕ್ಷ, ಇಕ್ಕಟ್ಟಿನಲ್ಲಿ ಬದುಕುವವರದು 1.499 ಕೋಟಿ. ಇಕ್ಕಟ್ಟನ್ನೂ ಕೊರತೆಯೆಂದು ಎಣಿಸುವ, ನಗರಕ್ಕೆ ಸಲ್ಲುವ ಈ ನ್ಯಾಯ ಹಾಡಿಗೆ ಯಾಕೆ ಸಲ್ಲಬಾರದು?

ಇಲ್ಲಿ ಕೆಲವು ವಿಮರ್ಶಕರು ಅಡ್ಡ ಬರುತ್ತಾರೆ. ಕೂಡಿ ಬಾಳುವುದು ಆದಿವಾಸಿಗಳ ಸಂಸ್ಕೃತಿ, ಅದಕ್ಕೆ 'ಮನೆಯಿಲ್ಲದಿರುವಿಕೆ' ಎಂಬ ಹಣೆಪಟ್ಟಿ ಹಚ್ಚಬೇಡಿ ಎನ್ನುತ್ತಾರೆ. ಇದನ್ನು ನಾನು ಕಟುವಾಗಿಯೇ ವಿರೋಧಿಸುತ್ತೇನೆ. ಮದುವೆಯಾದವರು ಪಕ್ಕದಲ್ಲೇ ಬೇರೆ ಗುಡಿಸಲು ಹಾಕಿಕೊಳ್ಳುವುದು ಹಾಡಿಯ ರೂಢಿ. ಬಿದಿರು, ಹುಲ್ಲು ಕೈಗೆಟಕುತ್ತಿದ್ದಾಗ ನೆಂಟರೆಲ್ಲ ಸೇರಿ ಗುಡಿಸಲು ಎಬ್ಬಿಸುತ್ತಿದ್ದರು. ಈಗ ಕಾಡಿನ ಬಿದಿರು ಮುಟ್ಟುವಂತಿಲ್ಲ, ಅಳೆದುಕೊಟ್ಟ ನಿವೇಶನದಲ್ಲಿ ಎರಡನೆಯ ಗುಡಿಸಲಿಗೆ ಜಾಗವಿಲ್ಲ. ಸೀರೆಯ ಪರದೆ ಅವರ ಸಂಸ್ಕೃತಿಯಲ್ಲ, ಆ ಸಂಸ್ಕೃತಿಗೆ ಬಿದ್ದ ಪೆಟ್ಟು. ಜಗಲಿ ಬಿಟ್ಟುಕೊಟ್ಟ ಅಪ್ಪನ ಪ್ರೀತಿ ದೊಡ್ಡದು. ಅದನ್ನು ತೋರಿಸಿ ಸರ್ಕಾರ ತನ್ನ ಹೊಣೆ ಕಳೆದುಕೊಳ್ಳುವುದು ಅನ್ಯಾಯ.

ಊರಿನವರು ಮಾಡಬಹುದಾದ ಕೆಲಸವೂ ಇದೆ. ಬೇರೆ ರೇಷನ್ ಕಾರ್ಡಿಗೆ, ನಿವೇಶನಕ್ಕೆ ಅರ್ಜಿ ಬರೆದುಕೊಡುವುದು, ಕಚೇರಿಗೆ ಜೊತೆಗೆ ಹೋಗುವುದು, ಪುನರ್ವಸತಿಯಿಲ್ಲದೆ ಒಕ್ಕಲೆದ್ದವರಿಗೆ 2006ರ ಅರಣ್ಯ ಹಕ್ಕು ಕಾಯ್ದೆ ಕೊಟ್ಟಿರುವ ಹಕ್ಕನ್ನು ನೆನಪಿಸುವುದು. ವಸತಿ ಯೋಜನೆಯ ಫಲಾನುಭವಿಗಳನ್ನು ಆರಿಸುವುದು ಗ್ರಾಮಸಭೆ. ನಿಮ್ಮ ಪಂಚಾಯ್ತಿಯ ಮುಂದಿನ ಗ್ರಾಮಸಭೆಯಲ್ಲಿ ಒಬ್ಬರಾದರೂ ಎದ್ದುನಿಂತು, ಯಾವ ಮನೆಯಲ್ಲಿ ಎಷ್ಟು ಸಂಸಾರ, ಎಷ್ಟು ಕೋಣೆ ಎಂದು ಕೇಳಿ. ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸದೆ ಮನೆಗೆ ಹೋಗಬೇಡಿ.